ನಡುರಾತ್ರಿಯ ವಿಮಾನ, ಹಿಂದಿನ ದಿನದ ರೂಮು

ಟಿಕೆಟ್ಟಿನಲ್ಲಿ ‘15ನೇ ತಾರೀಖು, 02:40’ ಎಂದಿದ್ದರೆ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತಿರಬೇಕಾದದ್ದು 14ರ ರಾತ್ರಿ. ಓದುವಾಗ ಇದರಲ್ಲಿ ಕಷ್ಟವೇನೂ ಕಾಣುವುದಿಲ್ಲ. ಊರಿನಿಂದ ಯಾವ ಬಸ್ಸು ಹತ್ತಬೇಕು, ಹೋಟೆಲ್ ರೂಮು ಯಾವ ತಾರೀಖಿಗೆ ಹಿಡಿಯಬೇಕು ಎಂದು ಲೆಕ್ಕಕ್ಕೆ ಕೂತಾಗ ಮಾತ್ರ ಓದಿ ತಿಳಿದವರೂ ತಡವರಿಸುತ್ತಾರೆ. ಅದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ದಿನ ಬದಲಾಗುವುದು ಬೆಳಗಾದ ಮೇಲೆ. ಪಂಚಾಂಗವೂ ವಾರವನ್ನು ಸೂರ್ಯೋದಯದಿಂದಲೇ ಎಣಿಸುತ್ತದೆ. ‘ಸೋಮವಾರ ರಾತ್ರಿ’ ಅಂದರೆ ಮಂಗಳವಾರದ ಕೋಳಿ ಕೂಗುವವರೆಗೂ ಸೋಮವಾರವೇ. ವಿಮಾನದವರ ತಾರೀಖು ರಾತ್ರಿ 12ಕ್ಕೆ ಮಗುಚುತ್ತದೆ. ಹೋಟೆಲಿನವರದು ಮೂರನೆಯ ಲೆಕ್ಕ: ಅವರ ದಿನ ಸಾಮಾನ್ಯವಾಗಿ ಮಧ್ಯಾಹ್ನ 2ಕ್ಕೆ ಶುರುವಾಗಿ ಮರುದಿನ ಬೆಳಿಗ್ಗೆ 11ಕ್ಕೋ 12ಕ್ಕೋ ಮುಗಿಯುತ್ತದೆ. ಈ ಮೂರು ದಿನಗಳನ್ನು ಒಂದರ ಮೇಲೊಂದು ಸರಿಯಾಗಿ ಕೂಡಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಕರ್ನಾಟಕದಿಂದ ದೂರದೇಶಕ್ಕೆ ಹೋಗುವ ಹೆಚ್ಚಿನವರು ಹತ್ತುವುದು ಅಲ್ಲಿಂದಲೇ. 2008ರ ಮೇ ತಿಂಗಳಲ್ಲಿ ಅದು ತೆರೆದಾಗ, ಊರೊಳಗಿನ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಮೆಜೆಸ್ಟಿಕ್‌ನಿಂದ ಸುಮಾರು 35 ಕಿಲೋಮೀಟರ್. ಎಲೆಕ್ಟ್ರಾನಿಕ್ ಸಿಟಿಯ ಕಡೆಯವರಿಗೆ 50ಕ್ಕೂ ಹೆಚ್ಚು. ಶಿವಮೊಗ್ಗ, ಹಾಸನ, ಮೈಸೂರು, ಮಂಗಳೂರುಗಳಿಂದ ಬರುವವರಿಗೆ ಬೆಂಗಳೂರು ಮುಟ್ಟಿದ ಮೇಲೆ ಇನ್ನೊಂದು ಪ್ರಯಾಣ ಬಾಕಿ ಉಳಿದಿರುತ್ತದೆ. ಹೆಬ್ಬಾಳದ ಮೇಲ್ಸೇತುವೆ ಸಂಜೆ ಹೊತ್ತಿನಲ್ಲಿ ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ವಿಮಾನ ನಿಲ್ದಾಣದ ಬಳಿ ರೂಮು ಹಿಡಿಯುವುದರ ನಿಜವಾದ ಲಾಭ ಇರುವುದು ಇಲ್ಲೇ. ಅಂದಾಜಿಗೆ ಸಿಗದ ಹಾದಿಯನ್ನು ಹಗಲಲ್ಲೇ ಮುಗಿಸಿ, ಕೊನೆಗೆ ಹತ್ತೋ ಇಪ್ಪತ್ತೋ ನಿಮಿಷದ ದಾರಿಯನ್ನಷ್ಟೇ ಉಳಿಸಿಕೊಳ್ಳಬಹುದು. ಹಾಸಿಗೆ, ಬಿಸಿನೀರು, ಎಸಿ ಎಲ್ಲ ಅದರ ಜೊತೆಗೆ ಬರುವಂಥವು.

ನಡುರಾತ್ರಿಯೇ ಯಾಕೆ?

ಯುರೋಪಿನ ಕಡೆ ಹೋಗುವ ವಿಮಾನಗಳು ಇಷ್ಟು ಹೊತ್ತಲ್ಲದ ಹೊತ್ತಿನಲ್ಲಿ ಹೊರಡುವುದೇಕೆ ಎಂದು ಬಹಳ ಮಂದಿ ಕೇಳುತ್ತಾರೆ. ಉತ್ತರ ನಮ್ಮ ಊರಲ್ಲಿಲ್ಲ, ಇಳಿಯುವ ಊರಿನಲ್ಲಿದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹತ್ತಿರ ಹತ್ತಿರ 10 ಗಂಟೆಯ ಹಾರಾಟ. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ ಇರುತ್ತದೆ. ಇಲ್ಲಿ ನಸುಕಿನ 3ಕ್ಕೆ ಹೊರಟರೆ ಅಲ್ಲಿ ಬೆಳಿಗ್ಗೆ ಎಂಟೂವರೆಗೆ ಇಳಿಯುತ್ತೀರಿ. ಅಮೆರಿಕದ ನಾನಾ ಊರುಗಳಿಗೆ ಹೋಗುವ ವಿಮಾನಗಳು ಅಲ್ಲಿಂದ ಹೊರಡುವುದು ಬೆಳಗಿನ ಹತ್ತರಿಂದ ಮಧ್ಯಾಹ್ನದ ನಡುವೆ. ಅವನ್ನು ಹಿಡಿಯಬೇಕಾದರೆ ಇದೇ ಸರಿಯಾದ ಹೊತ್ತು. ಇಲ್ಲಿ ಸಂಜೆ 6ಕ್ಕೆ ಹೊರಡಿಸಿದರೆ ಅಲ್ಲಿ ರಾತ್ರಿ ಹನ್ನೊಂದೂವರೆ ಆಗುತ್ತದೆ. ಫ್ರಾಂಕ್‌ಫರ್ಟ್‌ನಲ್ಲಿ ಸುತ್ತಲಿನ ಜನರ ನಿದ್ದೆಗಾಗಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ವಿಮಾನ ಏಳುವುದಕ್ಕೂ ಇಳಿಯುವುದಕ್ಕೂ ನಿರ್ಬಂಧವಿದೆ. ಲಂಡನ್ನಿನ ಹೀತ್ರೂ ನಿಲ್ದಾಣದಲ್ಲೂ ರಾತ್ರಿ ವಿಮಾನಗಳಿಗೆ ಬಿಗಿಯಾದ ಮಿತಿ ಇದೆ. ಬೆಂಗಳೂರಿನಲ್ಲಿ ಅಂಥ ನಿರ್ಬಂಧವಿಲ್ಲ. ಹಾಗಾಗಿ ಅವರ ನಿದ್ದೆ ಉಳಿಸಲು ನಮ್ಮ ನಿದ್ದೆ ಹೋಗುತ್ತದೆ. ಇದರಲ್ಲಿ ನ್ಯಾಯವಿದೆ ಎಂದು ನನಗೆ ಅನ್ನಿಸುವುದಿಲ್ಲ, ಆದರೆ ಸದ್ಯಕ್ಕೆ ವೇಳಾಪಟ್ಟಿ ನಿಂತಿರುವುದು ಈ ಗಣಿತದ ಮೇಲೆ.

ಇನ್ನೊಂದು ಕಾರಣ ವಿಮಾನದ್ದೇ ಓಡಾಟ. ಹಗಲಿನಲ್ಲಿ ಯುರೋಪ್ ಬಿಟ್ಟು ಬಂದ ವಿಮಾನ ಇಲ್ಲಿ ಇಳಿಯುವುದು ನಡುರಾತ್ರಿಯ ಹೊತ್ತಿಗೆ. ಒಂದೆರಡು ಗಂಟೆಯಲ್ಲಿ ಗುಡಿಸಿ, ಇಂಧನ ತುಂಬಿಸಿ, ಊಟದ ಟ್ರಾಲಿ ಏರಿಸಿ ಅದನ್ನೇ ಹಿಂದಕ್ಕೆ ಕಳಿಸುತ್ತಾರೆ. ಅಷ್ಟು ದುಬಾರಿ ಯಂತ್ರವನ್ನು ನಮ್ಮ ಬೆಳಗಿಗಾಗಿ ಕಾಯಿಸಿ ನಿಲ್ಲಿಸುವುದು ಯಾರಿಗೂ ಗಿಟ್ಟುವುದಿಲ್ಲ.

ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ

02:40ರ ವಿಮಾನವನ್ನೇ ಹಿಡಿದುಕೊಳ್ಳೋಣ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 3 ಗಂಟೆ ಮುಂಚೆ ಬನ್ನಿ ಎಂದು ವಿಮಾನ ಸಂಸ್ಥೆಗಳು ಹೇಳುತ್ತವೆ. ಲಗೇಜು ತೆಗೆದುಕೊಳ್ಳುವ ಕೌಂಟರನ್ನು ಸಾಮಾನ್ಯವಾಗಿ 60 ನಿಮಿಷ ಮುಂಚೆ ಮುಚ್ಚುತ್ತಾರೆ, ಕೆಲವರು ಇನ್ನೂ ಬೇಗ. ಅಂದರೆ ರಾತ್ರಿ 11:40ಕ್ಕೆ ಬಾಗಿಲಲ್ಲಿರಬೇಕು, 11ಕ್ಕೆ ಹೋಟೆಲ್ ಬಿಡಬೇಕು. ಹೋಟೆಲಿನ ದಿನ ಶುರುವಾಗುವುದು ಮಧ್ಯಾಹ್ನ 2ಕ್ಕೆ. ನಿಮ್ಮ ಕೈಗೆ ಸಿಗುವುದು 14ರ ಮಧ್ಯಾಹ್ನದಿಂದ ರಾತ್ರಿ 11ರವರೆಗಿನ ಒಂಬತ್ತು ಗಂಟೆ. ಬುಕ್ ಮಾಡಬೇಕಾದದ್ದು ‘14ರಿಂದ 15’. ವಿಮಾನ 15ಕ್ಕಲ್ಲವೇ ಎಂದು ‘15ರಿಂದ 16’ಕ್ಕೆ ಬುಕ್ ಮಾಡಿದರೆ, 14ರಂದು ಪೆಟ್ಟಿಗೆಗಳ ಸಮೇತ ಹೋಗಿ ನಿಂತಾಗ ಕೌಂಟರಿನಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ನೀವು ವಿಮಾನದಲ್ಲಿ ಅರ್ಧ ದಾರಿ ಕ್ರಮಿಸಿದ ಮೇಲೆ ನಿಮ್ಮ ರೂಮು ಸಿದ್ಧವಾಗುತ್ತದೆ.

ಬೆಳಿಗ್ಗೆ 7ರ ಸುಮಾರಿಗೆ ಹೊರಡುವ ವಿಮಾನವಾದರೂ ಬುಕಿಂಗ್ ಅದೇ ‘14ರಿಂದ 15’. ಆದರೆ ರೂಮಿನ ಬಳಕೆ ಪೂರ್ತಿ ಬೇರೆ. ಆಗ ನಸುಕಿನ 4ಕ್ಕೆ ಬಾಗಿಲಲ್ಲಿರಬೇಕು, ಮೂರಕ್ಕೆ ಮುಂಚೆಯೇ ಏಳಬೇಕು. ಮೊದಲನೆಯದರಲ್ಲಿ ರೂಮು ಹಗಲಿನ ವಿಶ್ರಾಂತಿಗೆ, ಎರಡನೆಯದರಲ್ಲಿ ತುಂಡು ನಿದ್ದೆಗೆ. ಇನ್ನು ಮಧ್ಯಾಹ್ನದ ವಿಮಾನವಿದ್ದರೆ ಹಿಂದಿನ ಸಂಜೆ ಬಂದು, ಇಡೀ ರಾತ್ರಿ ಮಲಗಿ, ಎದ್ದು ಸ್ನಾನ ತಿಂಡಿ ಮುಗಿಸಿ, ಹತ್ತೂವರೆಗೆ ರೂಮು ಬಿಟ್ಟು ನೆಟ್ಟಗೆ ಹೋಗಬಹುದು. ಹೋಟೆಲಿನ ದಿನಕ್ಕೂ ವಿಮಾನದ ದಿನಕ್ಕೂ ಚೆನ್ನಾಗಿ ಹೊಂದುವುದು ಇದೊಂದೇ. ದೂರದ ಊರಿನವರಿಗೆ ಹಣ ಕೊಟ್ಟದ್ದಕ್ಕೆ ಪೂರ್ತಿ ಫಲ ಸಿಗುವುದೂ ಇದರಲ್ಲೇ.

ರಾತ್ರಿ ಬಸ್ಸಿನಲ್ಲಿ ಬರುವವರ ಕಷ್ಟ ಬೇರೆ ಥರದ್ದು. ಶಿವಮೊಗ್ಗ, ಉಡುಪಿ, ಹುಬ್ಬಳ್ಳಿ ಕಡೆಯ ಸ್ಲೀಪರ್ ಬಸ್ಸುಗಳು ಬೆಳಗಿನ ಐದು–ಆರಕ್ಕೆ ಬೆಂಗಳೂರು ಮುಟ್ಟಿಸುತ್ತವೆ. ವಿಮಾನ ಇರುವುದು ಅಂದೇ ನಡುರಾತ್ರಿ ಕಳೆದ ಮೇಲೆ. ಇಪ್ಪತ್ತು ಗಂಟೆ ಎಲ್ಲಿ ಕಳೆಯುವುದು? ಮಧ್ಯಾಹ್ನ 2ಕ್ಕೆ ರೂಮು ಕೊಡುವ ಹೋಟೆಲಿಗೆ ಬೆಳಿಗ್ಗೆ 7ಕ್ಕೇ ಹೋದರೆ ಏಳು ಗಂಟೆ ಲಾಬಿಯ ಸೋಫಾದಲ್ಲಿ ಕೂರಬೇಕು. ‘ಅರ್ಲಿ ಚೆಕ್-ಇನ್’ ಕೇಳಬಹುದು, ಆದರೆ ಅದು ರೂಮು ಖಾಲಿ ಇದ್ದರೆ ಮಾತ್ರ. ಇಂಥವರಿಗೆ ಬಂದ ಗಳಿಗೆಯಿಂದ 24 ಗಂಟೆ ಎಣಿಸುವ ಲಾಡ್ಜು ಅಥವಾ ಹೋಟೆಲೇ ಹೇಳಿ ಮಾಡಿಸಿದ್ದು. ಬೆಳಿಗ್ಗೆ 7ಕ್ಕೆ ಒಳಗೆ ಹೋದರೆ ಮರುದಿನ 7ರವರೆಗೂ ರೂಮು ನಿಮ್ಮದು. ದೇವನಹಳ್ಳಿ, ಯಲಹಂಕದ ಸುತ್ತಮುತ್ತ ಅಂಥವನ್ನು ಫೋನ್ ಮಾಡಿಯೇ ಹುಡುಕಬೇಕು, ಏಕೆಂದರೆ ಬುಕಿಂಗ್ ಆ್ಯಪ್‌ಗಳಲ್ಲಿ ಈ ವಿವರ ಅನೇಕ ಸಲ ಅಡಿಯಲ್ಲೆಲ್ಲೋ ಸಣ್ಣಕ್ಷರದಲ್ಲಿರುತ್ತದೆ. ಹಿಂದಿನ ರಾತ್ರಿಯನ್ನೂ ಸೇರಿಸಿ ‘13ರಿಂದ 15’ ಎಂದು ಎರಡು ದಿನಕ್ಕೆ ಹಿಡಿಯುವುದು ಇನ್ನೊಂದು ದಾರಿ. ಹಾಗೆ ಮಾಡಿದರೆ ‘ನಾವು 14ರ ಬೆಳಿಗ್ಗೆ 7ಕ್ಕೆ ಬರುತ್ತೇವೆ, 13ರ ರಾತ್ರಿ ಬರುವುದಿಲ್ಲ’ ಎಂದು ಮೊದಲೇ ತಿಳಿಸಲೇಬೇಕು. ತಿಳಿಸದಿದ್ದರೆ ರಾತ್ರಿ ಯಾರೂ ಬರಲಿಲ್ಲವೆಂದು ಬುಕಿಂಗನ್ನೇ ರದ್ದು ಮಾಡಿಬಿಡುತ್ತಾರೆ, ಕೊಟ್ಟ ಹಣವೂ ಹೋಗುತ್ತದೆ.

ಆಯ್ಕೆ ಇದ್ದರೆ ರಾತ್ರಿ ಬಸ್ಸನ್ನು ಬಿಟ್ಟು ಹಗಲಿನ ರೈಲಿನಲ್ಲೋ ಕಾರಿನಲ್ಲೋ ಬರುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ನಿದ್ದೆಗೆಡುವ ಎರಡು ರಾತ್ರಿ ಬೆನ್ನು ಬೆನ್ನಿಗೆ ಬಂದರೆ ಅಲ್ಲಿ ಇಳಿದ ಮೇಲೆ ವಾರವಾದರೂ ಮೈ ಸರಿಹೋಗುವುದಿಲ್ಲ. ಕಾಲಿಗೂ ಅದು ಒಳ್ಳೆಯದಲ್ಲ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳಿತು. ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಬ್ಬರ ಲೆಕ್ಕ, ಗಾಬರಿಪಡುವಂಥದ್ದಲ್ಲ. ಆದರೂ ಆ ಅಪಾಯ ವಿಮಾನಕ್ಕೆ ಮಾತ್ರ ಸೀಮಿತವಲ್ಲ, ಬಸ್ಸು, ಕಾರು, ರೈಲಿಗೂ ಅನ್ವಯಿಸುತ್ತದೆ. ಏಳು ಗಂಟೆ ಬಸ್ಸು, ಹತ್ತು ಗಂಟೆ ವಿಮಾನ, ಮತ್ತೆ ಹತ್ತು ಗಂಟೆ ವಿಮಾನ ಎಂಬ ಸರಪಳಿಯ ನಡುವೆ ಕಾಲು ಚಾಚಿ ಮಲಗಿ, ಎದ್ದು ಓಡಾಡುವ ಅರ್ಧ ದಿನ ಸಿಕ್ಕರೆ ಅದಕ್ಕೆ ಬೆಲೆ ಇದೆ. ಅರವತ್ತು ದಾಟಿದವರಿಗಂತೂ ಬಹಳ ಬೆಲೆ ಇದೆ.

ಮಲಗಿದ ಮಾತ್ರಕ್ಕೆ ನಿದ್ದೆ ಬರುವುದಿಲ್ಲ

ರೂಮು ಹಿಡಿದವರಲ್ಲಿ ಅನೇಕರು ಒಂದು ಎಡವಟ್ಟು ಮಾಡಿಕೊಳ್ಳುತ್ತಾರೆ. ಹಗಲೆಲ್ಲ ಮಾಲಿನಲ್ಲೋ ನೆಂಟರ ಮನೆಯಲ್ಲೋ ಕಳೆದು, ಸಂಜೆ 7ಕ್ಕೆ ರೂಮಿಗೆ ಬಂದು, ‘ಇನ್ನು ಹತ್ತೂವರೆವರೆಗೆ ಮಲಗಿಬಿಡೋಣ’ ಎಂದುಕೊಳ್ಳುತ್ತಾರೆ. ದೀಪ ಆರಿಸಿ ಮಲಗಿದರೂ ಕಣ್ಣು ಮುಚ್ಚುವುದಿಲ್ಲ. ಇದು ಆತಂಕದಿಂದ ಮಾತ್ರ ಆಗುವುದಲ್ಲ, ಮೈಯೊಳಗಿನ ಗಡಿಯಾರವೇ ಹಾಗಿದೆ.

ಇಸ್ರೇಲಿನ ನಿದ್ರಾವಿಜ್ಞಾನಿ ಪೆರೆಟ್ಸ್ ಲಾವಿ 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಪ್ರಯೋಗಕ್ಕೆ ಒಪ್ಪಿದವರು 13 ನಿಮಿಷ ಎದ್ದಿರಬೇಕು, 7 ನಿಮಿಷ ಮಲಗಲು ಯತ್ನಿಸಬೇಕು, ಮತ್ತೆ 13, ಮತ್ತೆ 7. ಹೀಗೆ ಹಗಲೂ ರಾತ್ರಿ ನಡೆಸಿದರು. ಎಷ್ಟೇ ದಣಿದಿದ್ದರೂ, ರಾತ್ರಿ ಮಾಮೂಲಾಗಿ ಮಲಗುವ ಹೊತ್ತಿಗೆ ಮುಂಚಿನ ಎರಡು ಮೂರು ಗಂಟೆ ಅವರಿಗೆ ನಿದ್ದೆ ಹತ್ತುವುದೇ ಕಷ್ಟವಾಯಿತು. ದಿನವಿಡೀ ಕೂಡಿಬಂದ ಆಯಾಸಕ್ಕೆ ಎದುರಾಗಿ ಮಿದುಳು ನಮ್ಮನ್ನು ಅತಿ ಹೆಚ್ಚು ಎಚ್ಚರವಾಗಿ ಇಡುವ ಹೊತ್ತದು. ಹನ್ನೊಂದಕ್ಕೆ ಮಲಗುವ ರೂಢಿಯವರಿಗೆ ಸಂಜೆ ಎಂಟರಿಂದ ಹತ್ತು ಅಂಥ ಹೊತ್ತು. ಮಧ್ಯಾಹ್ನ ಒಂದರಿಂದ ನಾಲ್ಕರ ಒಳಗೆ ಮೈ ತಾನಾಗಿಯೇ ಸ್ವಲ್ಪ ಸಡಿಲುತ್ತದೆ. ಊಟ ಮಾಡಿ ಅಡ್ಡಾಗುವ ನಮ್ಮ ಹಳೆಯ ರೂಢಿ ಈ ಹೊತ್ತಿನದೇ.

ಹಾಗಾಗಿ 02:40ರ ವಿಮಾನವಿದ್ದರೆ ನೆಂಟರ ಮನೆಯ ಊಟವನ್ನು ಹಿಂದಿನ ದಿನಕ್ಕೆ ಇಟ್ಟುಕೊಳ್ಳಿ. ಮಧ್ಯಾಹ್ನ ಎರಡಕ್ಕೆಲ್ಲ ರೂಮಿನಲ್ಲಿರಿ. ಪರದೆ ಎಳೆದು, ಫೋನನ್ನು ದೂರವಿಟ್ಟು, ಎರಡೂವರೆಯಿಂದ ಮಲಗಿ. ಒಂದೂವರೆ ಗಂಟೆ ಸಿಕ್ಕರೆ ಒಂದು ಸುತ್ತಿನ ನಿದ್ದೆ ಆಯಿತು, ಮೂರು ಗಂಟೆ ಸಿಕ್ಕರೆ ಎರಡು ಸುತ್ತು. ನಿದ್ದೆಯ ಒಂದು ಸುತ್ತು ಸರಾಸರಿ 90 ನಿಮಿಷದ್ದು. ಸಂಜೆ ಏಳಾದ ಮೇಲೆ ನಿದ್ದೆಗಾಗಿ ಒದ್ದಾಡಬೇಡಿ. ಸ್ನಾನ ಮಾಡಿ, ಉಂಡು, ಪೆಟ್ಟಿಗೆಯ ತೂಕ ಇನ್ನೊಮ್ಮೆ ನೋಡಿ, ಸುಮ್ಮನೆ ಒರಗಿಕೊಂಡಿರಿ. ನಿದ್ದೆಯ ಮುಂದಿನ ಕಂತು ವಿಮಾನ ಏರಿದ ಮೇಲೆ, ನಿಮ್ಮ ಮಾಮೂಲಿ ನಿದ್ದೆಯ ಹೊತ್ತು ಮೀರಿರುವಾಗ, ತಾನಾಗಿ ಬರುತ್ತದೆ. ನಾಲ್ಕರ ಕಾಫಿ ಕುಡಿದರೆ ತೊಂದರೆ ಇಲ್ಲ, ರಾತ್ರಿ ಹತ್ತಕ್ಕೆ ಕುಡಿಯಬೇಡಿ. ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧ ಕರಗುವುದಕ್ಕೇ ಸುಮಾರು ಐದು ಗಂಟೆ ಬೇಕು, ಅಂದರೆ ವಿಮಾನ ಏರಿ ಕೂತಾಗಲೂ ಅದು ನಿಮ್ಮನ್ನು ಎಬ್ಬಿಸಿಯೇ ಇಟ್ಟಿರುತ್ತದೆ.

ಬೆಳಗಿನ 7ರ ವಿಮಾನದವರು ‘ಎಂಟಕ್ಕೇ ಮಲಗಿ ಎರಡೂವರೆಗೆ ಏಳುತ್ತೇವೆ’ ಎಂದು ಯೋಜಿಸುತ್ತಾರೆ. ಮೇಲೆ ಹೇಳಿದ ಕಾರಣಕ್ಕೆ ಅದು ಹಾಗೆ ನಡೆಯುವುದಿಲ್ಲ. ನಾಲ್ಕು ಗಂಟೆ ನಿದ್ದೆ ಸಿಕ್ಕರೆ ಹೆಚ್ಚು. ಎರಡು ಮೂರು ದಿನ ಮೊದಲಿನಿಂದಲೇ ದಿನಕ್ಕೆ ಅರ್ಧ ಗಂಟೆ ಬೇಗ ಏಳುತ್ತ ಬಂದರೆ ಸ್ವಲ್ಪ ಹೊಂದುತ್ತದೆ. ಬೇಗ ಮಲಗುವುದು ನಮ್ಮ ಕೈಯಲ್ಲಿಲ್ಲ, ಬೇಗ ಏಳುವುದು ನಮ್ಮ ಕೈಯಲ್ಲಿದೆ. ಹಳ್ಳಿಮನೆಯಲ್ಲಿ ಒಂಬತ್ತಕ್ಕೆ ಮಲಗಿ ನಾಲ್ಕಕ್ಕೆ ಏಳುವ ಹಿರಿಯರಿಗೆ ಈ ವಿಷಯದಲ್ಲಿ ನಗರದ ಮಕ್ಕಳಿಗಿಂತ ಅನುಕೂಲ ಹೆಚ್ಚು.

ಹೊಸ ಜಾಗದಲ್ಲಿ ನಿದ್ದೆ ಬರದಿರುವುದಕ್ಕೂ ವಿಜ್ಞಾನದ ಬೆಂಬಲವಿದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಎಡ ಅರ್ಧ ಬಲ ಅರ್ಧದಷ್ಟು ಆಳವಾಗಿ ಮಲಗುವುದಿಲ್ಲ, ಅಪರಿಚಿತ ಸದ್ದಿಗೆ ಬೇಗ ಪ್ರತಿಕ್ರಿಯಿಸುತ್ತದೆ ಎಂದು ಕಂಡುಬಂತು. ಹೊಸ ಜಾಗದಲ್ಲಿ ಕಾವಲು ಕೂರುವ ಪ್ರಾಣಿಸಹಜ ಗುಣವಿದು. ಒಂದೇ ರಾತ್ರಿಯ ರೂಮಿನಲ್ಲಿ ಇದನ್ನು ಪೂರ್ತಿ ಗೆಲ್ಲಲಾಗುವುದಿಲ್ಲ, ಸದ್ದನ್ನು ಕಡಿಮೆ ಮಾಡಿಕೊಳ್ಳಬಹುದು ಅಷ್ಟೆ. ಹೆದ್ದಾರಿಗೆ ಮುಖ ಮಾಡದ, ಲಿಫ್ಟಿನಿಂದ ದೂರವಿರುವ ರೂಮು ಕೇಳಿ. ಬಳ್ಳಾರಿ ರಸ್ತೆಯ ಕಡೆಯ ಹೋಟೆಲುಗಳಲ್ಲಿ ನಿದ್ದೆ ಕೆಡಿಸುವುದು ವಿಮಾನಕ್ಕಿಂತ ಹೆಚ್ಚಾಗಿ ರಾತ್ರಿಯಿಡೀ ಓಡುವ ಲಾರಿಗಳು. ಬೆಂಗಳೂರಿನ ಎರಡು ರನ್‌ವೇಗಳೂ ಪೂರ್ವ–ಪಶ್ಚಿಮವಾಗಿ ಇವೆ. ಹಾಗಾಗಿ ವಿಮಾನಗಳು ಏರಿ ಇಳಿಯುವ ಸಾಲು ನಿಲ್ದಾಣದ ಪೂರ್ವಕ್ಕೂ ಪಶ್ಚಿಮಕ್ಕೂ ನೇರವಾಗಿ ಬೀಳುತ್ತದೆ. ಉತ್ತರ, ದಕ್ಷಿಣ ದಿಕ್ಕಿನವರಿಗೆ ಆ ಸದ್ದು ಕಡಿಮೆ. ಮನೆಯಿಂದ ನಿಮ್ಮದೇ ದಿಂಬಿನ ಕವರೋ ಹಳೆಯ ಹೊದಿಕೆಯೋ ತಂದರೆ ಅದೂ ಒಂದಿಷ್ಟು ನೆಮ್ಮದಿ.

ಎಲ್ಲಿ ಹಿಡಿಯಬೇಕು, ಏನು ಕೇಳಬೇಕು

‘ಏರ್‌ಪೋರ್ಟ್ ಹತ್ತಿರ’ ಎಂಬ ಹೆಸರನ್ನು ನಂಬಬೇಡಿ. ಹೆಬ್ಬಾಳದ ಹೋಟೆಲೂ ಹಾಗೇ ಕರೆದುಕೊಳ್ಳುತ್ತದೆ, ಯಲಹಂಕದ್ದೂ ಕರೆದುಕೊಳ್ಳುತ್ತದೆ. ಆ್ಯಪ್ ತೋರಿಸುವ ದೂರ ಅನೇಕ ಸಲ ಹಕ್ಕಿ ಹಾರುವ ದೂರ. ನಕ್ಷೆಯಲ್ಲಿ ರಸ್ತೆಯ ದೂರವನ್ನೇ ನೋಡಿ, ಅದನ್ನೂ ನೀವು ಹೊರಡುವ ಹೊತ್ತಿಗೆ ಇಟ್ಟು ನೋಡಿ. ಚಿಕ್ಕಜಾಲ, ಸಾದಹಳ್ಳಿ, ದೇವನಹಳ್ಳಿ ಊರಿನ ಅಕ್ಕಪಕ್ಕ ಇರುವವು ನಿಜಕ್ಕೂ ಹತ್ತಿರ. ಟರ್ಮಿನಲ್‌ಗಳ ಆವರಣದಲ್ಲೇ ಇರುವ ತಾಜ್‌ನಂಥವು ಅತಿ ಹತ್ತಿರ, ಬೆಲೆಯೂ ಹಾಗೇ. ಇನ್ನೊಂದನ್ನು ಮರೆಯಬೇಡಿ: ಹೆದ್ದಾರಿಯ ಯಾವ ಬದಿ? ನಡುವೆ ವಿಭಜಕವಿರುವ ರಸ್ತೆಯಲ್ಲಿ ಎದುರು ಬದಿಯ ಹೋಟೆಲ್ ಕಣ್ಣಿಗೆ ಕಾಣುತ್ತಿದ್ದರೂ ಸುತ್ತಿ ಬರಲು ಕೆಲವು ಕಿಲೋಮೀಟರ್ ಹೋಗಬೇಕಾಗಬಹುದು.

ಎಲ್ಲಕ್ಕಿಂತ ಮುಖ್ಯ, ಹೋಟೆಲಿನಿಂದ ನಿಲ್ದಾಣಕ್ಕೆ ಹೇಗೆ ಹೋಗುತ್ತೀರಿ ಎಂಬುದು. ‘ಶಟಲ್ ಇದೆ’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಅದು ಪುಕ್ಕಟೆಯೋ ಹಣಕ್ಕೋ, ನಸುಕಿನ 3ಕ್ಕೂ ಓಡುತ್ತದೋ, ಗಂಟೆಗೊಂದೋ ಕೇಳಿದಾಗಲೋ, ನಾಲ್ಕು ದೊಡ್ಡ ಪೆಟ್ಟಿಗೆ ಹಿಡಿಸುತ್ತವೋ ಎಂದು ಒಂದೊಂದಾಗಿ ಕೇಳಿ. ಶಟಲ್ ಇಲ್ಲದಿದ್ದರೆ ಕ್ಯಾಬ್ ಸಿಕ್ಕೀತು ಎಂಬ ಭರವಸೆಯಲ್ಲಿ ಇರಬೇಡಿ. ಐದಾರು ಕಿಲೋಮೀಟರಿನ ಬಾಡಿಗೆಗೆ ಆ ಹೊತ್ತಿನಲ್ಲಿ ಬರಲು ಚಾಲಕರು ಒಪ್ಪದಿರುವುದು ಸಾಮಾನ್ಯ. ಹೋಟೆಲಿನವರಿಗೇ ಹೇಳಿ ಸಂಜೆಯೇ ಗಾಡಿ ಗೊತ್ತುಮಾಡಿಸಿ. ಹತ್ತಿದಾಗ ‘ಟರ್ಮಿನಲ್ 2’ ಎಂದು ಹೇಳಿ. 2023ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಅಲ್ಲಿಗೆ ಸ್ಥಳಾಂತರಗೊಂಡವು. ಟಿಕೆಟ್ಟಿನಲ್ಲೂ ಒಮ್ಮೆ ನೋಡಿಕೊಳ್ಳಿ.

ಗುರುತಿನ ಚೀಟಿಯ ವಿಷಯದಲ್ಲಿ ಒಂದು ವಿಚಿತ್ರ ತೊಡಕಿದೆ. ಬೆಂಗಳೂರಿನ ವಿಳಾಸವಿರುವ ಆಧಾರ್ ಕೊಟ್ಟರೆ ‘ಲೋಕಲ್ ಐಡಿ’ ಎಂದು ರೂಮು ನಿರಾಕರಿಸುವ ಹೋಟೆಲುಗಳಿವೆ. ಊರಿನವರೇ ಆಗಿದ್ದರೆ ಬುಕ್ ಮಾಡುವ ಮುಂಚೆ ಕೇಳಿ ಖಚಿತಪಡಿಸಿಕೊಳ್ಳಿ. ಪಾನ್ ಕಾರ್ಡಿನಲ್ಲಿ ವಿಳಾಸ ಇಲ್ಲದ್ದರಿಂದ ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಬ್ಬರಿಗೆ ಅಲ್ಲ, ತಂಗುವ ಪ್ರತಿ ವಯಸ್ಕರಿಗೂ ಚೀಟಿ ಬೇಕು. ವಿದೇಶಿ ಪಾಸ್‌ಪೋರ್ಟಿನ ಮಗನೋ ಸೊಸೆಯೋ ಜೊತೆಗಿದ್ದರೆ ಅವರ ವಿವರವನ್ನು ಹೋಟೆಲಿನವರು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಬೇಕಾಗುತ್ತದೆ. ಅದಕ್ಕಾಗಿ ಪಾಸ್‌ಪೋರ್ಟು, ವೀಸಾ ಅಥವಾ ಓಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡಿನ ಪ್ರತಿ ಕೇಳುತ್ತಾರೆ. ಚಿಕ್ಕ ಲಾಡ್ಜುಗಳು ಈ ಗೊಡವೆಯೇ ಬೇಡವೆಂದು ಅಂಥವರಿಗೆ ರೂಮು ಕೊಡುವುದಿಲ್ಲ. ಪಾಸ್‌ಪೋರ್ಟಿನ ಪ್ರತಿ ಮಾಡಿಸಿದ ಮೇಲೆ ಮೂಲ ಕೈಗೆ ಬಂತೋ ಎಂದು ಆಗಲೇ ನೋಡಿಕೊಳ್ಳಿ, ಬೆಳಿಗ್ಗೆ ನೋಡೋಣವೆಂದು ಬಿಡಬೇಡಿ.

ತೆರಿಗೆ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18. ದರ ಆ ಗಡಿಯ ಆಚೀಚೆ ಇದ್ದಾಗ ಕೊನೆಯ ಬಿಲ್ಲಿನಲ್ಲಿ ಸಾವಿರ ರೂಪಾಯಿಯ ವ್ಯತ್ಯಾಸವಾದೀತು. ಹಗಲು ಮಾತ್ರ ಬಳಸುವವರು ‘ಡೇ ಯೂಸ್’ ದರವಿದೆಯೇ ಎಂದು ಕೇಳಿ. ಆದರೆ ಅದು ಹಲವೆಡೆ ಸಂಜೆ 6ಕ್ಕೆ ಮುಗಿಯುತ್ತದೆ, 02:40ರ ವಿಮಾನಕ್ಕೆ ಒದಗುವುದಿಲ್ಲ.

ಟರ್ಮಿನಲ್ ಒಳಗಿನ ಗಂಟೆ ಲೆಕ್ಕದ ರೂಮು

ದೊಡ್ಡ ನಿಲ್ದಾಣಗಳಲ್ಲಿ ಗಂಟೆ ಲೆಕ್ಕಕ್ಕೆ ಸಿಗುವ ಟ್ರಾನ್ಸಿಟ್ ರೂಮುಗಳು ಬಂದಿವೆ. ಕೇಳಲು ಬಹಳ ಅನುಕೂಲ. ಇಲ್ಲಿ ತಿಳಿದುಕೊಳ್ಳಬೇಕಾದ ಒಂದೇ ವಿಷಯ, ಆ ರೂಮು ಭದ್ರತಾ ತಪಾಸಣೆಗೆ ಮುಂಚೆ ಇದೆಯೋ ನಂತರ ಇದೆಯೋ ಎಂಬುದು. ನಂತರ ಇದ್ದರೆ, ಪೆಟ್ಟಿಗೆ ಕೊಟ್ಟು, ಬೋರ್ಡಿಂಗ್ ಪಾಸ್ ಪಡೆದು, ಇಮಿಗ್ರೇಷನ್ ಮುಗಿಸಿದ ಮೇಲಷ್ಟೇ ಅಲ್ಲಿಗೆ ಹೋಗಬಹುದು. ಕೌಂಟರು ತೆರೆಯುವುದೇ ಹೊರಡುವುದಕ್ಕೆ ಮೂರು ನಾಲ್ಕು ಗಂಟೆ ಮುಂಚೆ. ಅದೆಲ್ಲ ಮುಗಿಯುವ ಹೊತ್ತಿಗೆ ಮಲಗಲು ಉಳಿಯುವುದು ಗಂಟೆಯೋ ಒಂದೂವರೆ ಗಂಟೆಯೋ. ಅಂಥ ರೂಮು ದಾರಿಯ ನಡುವೆ ದುಬೈಯಲ್ಲೋ ದೋಹಾದಲ್ಲೋ ಎಂಟು ಗಂಟೆ ಕಾಯುವವರಿಗೆ ಒಳ್ಳೆಯದು, ಇಲ್ಲಿಂದ ಹೊರಡುವವರಿಗಲ್ಲ. ಟರ್ಮಿನಲ್ ಬಾಗಿಲಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಟಿಕೆಟ್ಟು, ಗುರುತಿನ ಚೀಟಿ ನೋಡಿಯೇ ಬಿಡುವುದರಿಂದ, ತೀರಾ ಮುಂಚೆ ಹೋಗಿ ಒಳಗಿನ ಕುರ್ಚಿಯಲ್ಲಿ ರಾತ್ರಿ ಕಳೆಯುತ್ತೇನೆ ಎಂಬ ಯೋಜನೆಯೂ ಕೈಕೊಡಬಹುದು.

ಬೇರೆ ಊರಿನ ನಿಲ್ದಾಣದಿಂದ ಹತ್ತುವವರಿಗೆ ರೂಮಿನ ಅರ್ಥ ಇನ್ನಷ್ಟು ಗಂಭೀರ. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಮುಂಬಯಿಗೆ ಹಾರಿ, ಅಲ್ಲಿಂದ ವಿದೇಶದ ವಿಮಾನ ಹಿಡಿಯುತ್ತೀರಿ ಎನ್ನಿ. ಎರಡೂ ಒಂದೇ ಟಿಕೆಟ್ಟಿನಲ್ಲಿದ್ದು ಮೊದಲನೆಯದು ತಡವಾದರೆ, ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ವಿಮಾನ ಸಂಸ್ಥೆಯದು. ಬೇರೆ ಬೇರೆ ಟಿಕೆಟ್ಟಾದರೆ ಆ ಹೊಣೆ ಯಾರದೂ ಅಲ್ಲ, ದೊಡ್ಡ ಟಿಕೆಟ್ಟಿನ ಹಣವೇ ಮುಳುಗಬಹುದು. ಡಿಸೆಂಬರ್, ಜನವರಿಯಲ್ಲಿ ಮಂಜು ಕವಿದ ದಿನ ಬೆಳಗಿನ ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ. ಬೇರೆ ಟಿಕೆಟ್ಟಿನವರು ಹಿಂದಿನ ದಿನವೇ ಹೋಗಿ ಅಲ್ಲಿ ರಾತ್ರಿ ಉಳಿಯುವುದೇ ಸರಿ. ದಿಲ್ಲಿಯಲ್ಲಾದರೆ ಏರೋಸಿಟಿ ಎಂಬ ಹೋಟೆಲುಗಳ ಪ್ರದೇಶ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡೇ ಇದೆ, ಮೆಟ್ರೋ ಕೂಡ ಇದೆ.

ಬೆಂಗಳೂರಿನಲ್ಲೇ ಮನೆ ಇರುವವರಿಗೆ ನಾನು ರೂಮು ಹಿಡಿಯಿರಿ ಎನ್ನುವುದಿಲ್ಲ. ಬೆಳಗಿನ 7ರ ವಿಮಾನಕ್ಕೆ ಜಯನಗರದಿಂದ ನಸುಕಿನ ಎರಡೂವರೆಗೆ ಹೊರಟರೆ ರಸ್ತೆ ಖಾಲಿ ಇರುತ್ತದೆ. ಹೋಟೆಲಿನಲ್ಲಿ ಉಳಿದರೆ ಹೆಚ್ಚೆಂದರೆ ಒಂದು ಗಂಟೆ ಹೆಚ್ಚು ಮಲಗಬಹುದು, ಅದನ್ನೂ ಹೊಸ ಜಾಗದ ಎಚ್ಚರ ತಿಂದುಹಾಕುತ್ತದೆ. ಸ್ವಂತ ಹಾಸಿಗೆಯೇ ಮೇಲು. ಮಳೆಗಾಲದ ಸಂಜೆ ನಗರದ ಇನ್ನೊಂದು ತುದಿಯಿಂದ ಹೊರಡಬೇಕಾದಾಗ, ಕೂಸು ಇರುವಾಗ, ಕಾಯಿಲೆಯವರು ಜೊತೆಗಿರುವಾಗ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಮೈಸೂರಿನವರಿಗೆ ನಗರದೊಳಗೆ ಬಸ್ಸು ಬದಲಿಸದೆ ನಿಲ್ದಾಣಕ್ಕೇ ಬರುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ. ಸಂಜೆಗೆ ಮುಂಚೆ ಹೊರಡುವುದಾದರೆ ಅವರೂ ರೂಮಿಲ್ಲದೆ ನಿಭಾಯಿಸಬಹುದು.

ಅಪ್ಪ ಅಮ್ಮನಿಗಾಗಿ ಬುಕ್ ಮಾಡುವಾಗ

ನಮ್ಮ ಕಡೆಯಿಂದ ದೂರದ ವಿಮಾನ ಹತ್ತುವವರಲ್ಲಿ ಮಗಳ ಬಾಣಂತನಕ್ಕೆ, ಮೊಮ್ಮಗುವನ್ನು ನೋಡಿಕೊಳ್ಳಲು ಹೊರಟ ತಂದೆ ತಾಯಿಯರು ಬಹಳ. ಅವರಲ್ಲಿ ಎಷ್ಟೋ ಮಂದಿಗೆ ಅದು ಜೀವನದ ಮೊದಲ ವಿಮಾನ. ರೂಮಿನ ಹಣ ಯಾರಿಗಾದರೂ ಸಾರ್ಥಕವಾಗುವುದಿದ್ದರೆ ಅದು ಇವರಿಗೆ. ಅವರನ್ನು ಕಳಿಸಲು ಬಂದ ನೆಂಟರು ಟರ್ಮಿನಲ್ ಬಾಗಿಲಾಚೆ ಹೋಗುವಂತಿಲ್ಲ. ಅಲ್ಲಿಂದ ಮುಂದೆ ಅವರಿಬ್ಬರೇ. ಆ ಬಾಗಿಲಿಗೆ ಬರುವ ಹೊತ್ತಿಗೆ ಅವರು ದಣಿದಿರಬಾರದು, ಹಸಿದಿರಬಾರದು, ಗಡಿಬಿಡಿಯಲ್ಲಿರಬಾರದು. ಗಾಲಿಕುರ್ಚಿ ಬೇಕಿದ್ದರೆ ವಿಮಾನ ಸಂಸ್ಥೆಗೆ 48 ಗಂಟೆ ಮೊದಲೇ ತಿಳಿಸಿ. ಬಹು ದೂರ ನಡೆಯಲಾಗದವರು ಅದನ್ನು ಕೇಳಲು ಸಂಕೋಚಪಡಬೇಕಿಲ್ಲ.

ರಾತ್ರಿಯ ಊಟ ಎಂಟರೊಳಗೆ ಆಗಲಿ, ಅನ್ನ ಸಾರೋ ಮೊಸರನ್ನವೋ ಸಾಕು. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಹೊಟ್ಟೆಯೊಳಗಿನ ವಾಯು ಅಲ್ಲಿ ಹಿಗ್ಗುತ್ತದೆ. ಹೋಟೆಲಿನ ಭಾರೀ ಬಫೆ ಉಂಡವರು ಅದನ್ನು ರಾತ್ರಿಯಿಡೀ ಅನುಭವಿಸುತ್ತಾರೆ. ನಸುಕಿನಲ್ಲಿ ಹೊರಡುವುದಾದರೆ, ಆರೂವರೆಗೋ ಏಳಕ್ಕೋ ಶುರುವಾಗುವ ತಿಂಡಿ ಸಿಗುವುದಿಲ್ಲ. ‘ಮೂರಕ್ಕೆ ಹೊರಡುತ್ತೇವೆ, ಕಟ್ಟಿಕೊಡಿ’ ಎಂದು ಹಿಂದಿನ ಸಂಜೆಯೇ ಹೇಳಿದರೆ ಅನೇಕ ಕಡೆ ಕೊಡುತ್ತಾರೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಕೈಚೀಲದಲ್ಲಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಬದಲಾಗುವ ಗಡಿಯಾರಕ್ಕೆ ತಕ್ಕಂತೆ ಅದನ್ನು ಹೇಗೆ ಹೊಂದಿಸಬೇಕೆಂದು ವೈದ್ಯರನ್ನು ಊರಲ್ಲೇ ಕೇಳಿಕೊಂಡು ಬರಬೇಕು.

ಅಮೆರಿಕದಲ್ಲೋ ಜರ್ಮನಿಯಲ್ಲೋ ಕೂತು ಬುಕ್ ಮಾಡುವ ಮಕ್ಕಳು ರೂಮನ್ನು ತಮ್ಮ ಹೆಸರಿನಲ್ಲಿ ಹಿಡಿಯಬಾರದು. ತಂಗುವವರ ಹೆಸರು ಆಧಾರಿನಲ್ಲಿ ಹೇಗಿದೆಯೋ ಹಾಗೇ ಇರಲಿ. ಪೂರ್ತಿ ಹಣ ಮೊದಲೇ ಕಟ್ಟಿ, ಅದರ ರಸೀದಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು ಸಾಲದು, ಒಂದು ಪ್ರತಿ ಅವರ ಕೈಯಲ್ಲಿರಲಿ. ಆಮೇಲೆ ಹೋಟೆಲಿಗೇ ಒಮ್ಮೆ ಫೋನ್ ಮಾಡಿ, ಕನ್ನಡ ಬಲ್ಲವರನ್ನು ಕೇಳಿ, ಮಾತಾಡಿ: ಇಂಥ ದಿನ ಇಷ್ಟು ಹೊತ್ತಿಗೆ ಇಬ್ಬರು ಹಿರಿಯರು ಬರುತ್ತಾರೆ, ಇಷ್ಟು ಹೊತ್ತಿಗೆ ಎಬ್ಬಿಸಬೇಕು, ಇಷ್ಟು ಹೊತ್ತಿಗೆ ಗಾಡಿ ಬೇಕು, ಟರ್ಮಿನಲ್ 2ಕ್ಕೆ ಬಿಡಬೇಕು. ಮಾತಾಡಿದವರ ಹೆಸರು ಕೇಳಿ ಬರೆದುಕೊಂಡು ಅದನ್ನು ಅಪ್ಪನಿಗೂ ಅಮ್ಮನಿಗೂ ಹೇಳಿ. ಎಬ್ಬಿಸುವ ಕರೆಯೊಂದನ್ನೇ ನೆಚ್ಚದೆ ಅವರಿಬ್ಬರ ಫೋನಿನಲ್ಲೂ ಅಲಾರಂ ಇಡಿಸಿ, ಆ ಹೊತ್ತಿಗೆ ನೀವೂ ಒಂದು ಕರೆ ಮಾಡಿ.